ಹುಲ್ಲಿನ ಮೇಲೆ ಚಾಪೆ ಹಾಸುವ ಹಕ್ಕು

ಉದ್ದದ ಪೋಸ್ಟ್ ಇದು, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ಹಲಸೂರಿನ ನಮ್ಮ ಮನೆಯವರು, ಕೆ.ಆರ್. ಪುರದ ಚಿಕ್ಕಪ್ಪನ ಮನೆಯವರು ಎಲ್ಲ ಸೇರಿ ಹದಿಮೂರು ಜನ ಕಬ್ಬನ್ ಪಾರ್ಕಿಗೆ ಹೋಗಿದ್ವಿ. ಫೋಟೋ ಹಾಕಿದ್ದೆ. ಸಂಘಟನೆಯ ಗೆಳೆಯರೊಬ್ಬರು ಫೋನ್ ಮಾಡಿ, "ಏನಕ್ಕಾ, ಬ್ರಿಟಿಷರ ತೋಟದಲ್ಲಿ ಪಿಕ್‌ನಿಕ್ಕಾ? ಹೋರಾಟಕ್ಕೆ ರಜಾನಾ?" ಅಂದರು. ತಮಾಷೆಗೆ ಅಂದದ್ದೇ. ನಾನೂ ನಕ್ಕೆ. ಆದರೆ ಆ ತಮಾಷೆಯ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಇದೆಯಲ್ಲ, ಅದು ಬಿಡಲಿಲ್ಲ. ಆ ತೋಟ ಯಾರದು? ನಮ್ಮ ಜನ ಅಲ್ಲಿ ಹೋಗಿ ಚಾಪೆ ಹಾಸಿ ಕೂರೋಕೆ ಶುರು ಮಾಡಿದ್ದು ಯಾವಾಗಿಂದ, ಯಾರ ದೆಸೆಯಿಂದ?

ಪುಸ್ತಕದ ಚರಿತ್ರೆ ಮೊದಲು ಹೇಳಿಬಿಡ್ತೀನಿ, ಅದು ಬೇಗ ಮುಗಿಯುತ್ತೆ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಈ ಪಾರ್ಕನ್ನು ರೂಪಿಸಿದರು. ಆಗ ಸುಮಾರು 100 ಎಕರೆ, ಈಗ ಹೆಚ್ಚುಕಮ್ಮಿ 300 ಎಕರೆ ಅಂತಾರೆ. ಪಕ್ಕದ ಅಠಾರಾ ಕಚೇರಿ, ಅಂದರೆ ಇವತ್ತಿನ ಹೈಕೋರ್ಟು, ಅದೂ ಸ್ಯಾಂಕಿಯ ಕಾಲದ್ದೇ. ಮೊದಲು ಪಾರ್ಕಿಗಿದ್ದ ಹೆಸರು ಮೀಡ್ಸ್ ಪಾರ್ಕ್, ಆಗಿನ ಕಮಿಷನರ್ ಹೆಸರು. ಆಮೇಲೆ ಕಬ್ಬನ್ ಪಾರ್ಕ್ ಆಯ್ತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಇಲ್ಲಿ ಕಮಿಷನರ್ ಆಗಿದ್ದವರು, ಊರಿಗೆ ವಾಪಸ್ ಹೋಗುವ ದಾರಿಯಲ್ಲಿ 1861ರಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡರು. ಅಂದರೆ ಕಬ್ಬನ್ನರು ಕಬ್ಬನ್ ಪಾರ್ಕನ್ನು ನೋಡಿಯೇ ಇಲ್ಲ! 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ ಅವರ ತಂದೆಯ ಹೆಸರಿಟ್ಟು ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತ ಮಾಡಿದರು. ಕಾಗದದಲ್ಲಿ ಇವತ್ತಿಗೂ ಅದೇ ಹೆಸರು. ಆಟೋದವರಿಗೆ ಹಾಗಂತ ಹೇಳಿ ನೋಡಿ, ಎಲ್ಲಿಗೆ ಕರ್ಕೊಂಡು ಹೋಗ್ತಾರೋ ಗೊತ್ತಿಲ್ಲ.

ಎಂ.ಜಿ. ರಸ್ತೆ ತುದಿಯಲ್ಲಿ ವಿಕ್ಟೋರಿಯಾ ರಾಣಿ ನಿಂತಿದ್ದಾಳೆ, 1906ರಿಂದ. ಒಳಗೆ ಎಡ್ವರ್ಡ್ ದೊರೆ, ಚಾಮರಾಜ ಒಡೆಯರು, ಶೇಷಾದ್ರಿ ಅಯ್ಯರ್. ಲಾಲ್‌ಬಾಗ್ ಕಡೆ ಹೋದರೆ ಹೈದರಾಲಿ, ಟಿಪ್ಪು, ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡ. ಕ್ರುಂಬಿಗಲ್ ರಸ್ತೆ ಇದೆ, ಮರಿಗೌಡ ರಸ್ತೆ ಇದೆ. ಇರಲಿ, ಒಳ್ಳೇದೇ. ಇವರಲ್ಲಿ ಕೆಲವರು ನಿಜವಾಗಿ ಗಿಡಮರ ಬಲ್ಲವರು. ಆದರೆ ಗುಂಡಿ ತೋಡಿದವರು ಯಾರು? ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಮಳೆಮರ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಹೊರಗಿನಿಂದ ಬಂದ ಸಸಿ ಈ ಮಣ್ಣಲ್ಲಿ ಬೇರು ಬಿಡೋವರೆಗೆ ದಿನಾ ನೀರು ಹೊತ್ತವರು ಯಾರು? ಎಲೆ ಗುಡಿಸಿದವರು, ಸಗಣಿ ಗೊಬ್ಬರ ಹೊತ್ತವರು, ಹುಲ್ಲು ಕತ್ತರಿಸಿದವರು ಯಾರು? ಅವರಿಗೆ ರಸ್ತೆ ಬೇಡ, ಒಂದು ಬೋರ್ಡು ಇದೆಯಾ? ಲಾಲ್‌ಬಾಗಿನ ಚರಿತ್ರೆಯಲ್ಲಿ ತಿಗಳ ಸಮುದಾಯದ ತೋಟಗಾರಿಕೆಯ ಮಾತು ಅಲ್ಲಲ್ಲಿ ಬರುತ್ತೆ. ದಂಡಿನ ಕಡೆಯ ಕೂಲಿಗಳ ಮಾತು ಅಷ್ಟೂ ಬರಲ್ಲ.

ದಂಡು ಅಂದ್ರೆ ಈಗಿನ ಹುಡುಗರಿಗೆ ರೈಲ್ವೆ ಸ್ಟೇಷನ್ ಹೆಸರು ಅಷ್ಟೇ. ನಮ್ಮ ಮನೆಯಲ್ಲಿ ಅದು ಊರಿನ ಹೆಸರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಎಬ್ಬಿಸಿ ತಂದು ಹಲಸೂರಿನ ಸುತ್ತಮುತ್ತ ಬೀಡು ಬಿಟ್ಟರು. ಸೈನ್ಯದ ಹಿಂದೆ ಜನ ಬಂದರು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಇಲ್ಲೇ ಸುತ್ತಲ ಹಳ್ಳಿಗಳ ಹೊಲಗೇರಿಗಳಿಂದ. ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಅಸ್ಪೃಶ್ಯ ಜಾತಿಗಳ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಬಂಗಲೆಗಳಿಗೆ ಬಟ್ಲರ್, ಅಡಿಗೆಯವನು, ಆಯಾ, ಮಾಲಿ, ಕಕ್ಕಸು ತೊಳೆಯುವ ತೋಟಿ, ಎಲ್ಲ ಬೇಕಿತ್ತು. ಬಂಗಲೆ ಕಾಂಪೌಂಡಿನ ಹಿಂದೆ ಒಂದು ಸಾಲು ಸಣ್ಣ ಮನೆ, ಮುಂದೆ ಗುಲಾಬಿ ತೋಟ. ಹೊಟ್ಟೆಪಾಡಿಗೆ ಬಂದವರಿಗೆ ಇಲ್ಲೊಂದು ಉಸಿರು ಸಿಕ್ಕಿದ್ದೂ ಸುಳ್ಳಲ್ಲ. ಊರಗೌಡನ ಬಿಟ್ಟಿ ಚಾಕರಿ ಇಲ್ಲ, ಕೈಗೆ ಕಾಸು, ಮಕ್ಕಳಿಗೆ ಮಿಷನ್ ಸ್ಕೂಲು. ಬಾಬಾಸಾಹೇಬರು ಹುಟ್ಟಿದ್ದೂ ದಂಡಿನಲ್ಲೇ ಅಲ್ವಾ, ಮಹೂ ದಂಡು, 1891. ತಂದೆ ರಾಮ್‌ಜಿ ಸುಬೇದಾರರು. ಆದರೆ ದಂಡಿನಲ್ಲೂ ನಮ್ಮ ಗಲ್ಲಿಗಳು ಬೇರೆ, ಬಂಗಲೆ ರಸ್ತೆಗಳು ಬೇರೆ. 1898ರಲ್ಲಿ ಪ್ಲೇಗು ಬಂದ ಮೇಲೆ ಸರ್ಕಾರಕ್ಕೆ ಗಾಳಿ ಬೆಳಕಿನ ನೆನಪಾಗಿ ಹೊಸ ಬಡಾವಣೆಗಳು ಎದ್ದವು.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. 1862ರಿಂದಲೇ ಪೇಟೆಗೆ ಒಂದು ಮುನಿಸಿಪಾಲಿಟಿ, ದಂಡಿಗೆ ಇನ್ನೊಂದು. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಕೊಂಡರು, 1947ರವರೆಗೆ. ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಆ ಎರಡು ಊರುಗಳ ನಡುವೆ ಹಸಿರು ಬೇಲಿ ಥರ ಇದ್ದದ್ದು ಕಬ್ಬನ್ ಪಾರ್ಕ್. ನಮ್ಮವರು ದಂಡಿನಿಂದ ಪೇಟೆಗೆ ಹೋಗುವಾಗ ಅದನ್ನು ಹಾದು ಹೋಗಿದ್ದಾರೆ. ಹಾದು ಹೋಗೋದು ಬೇರೆ, ಕೂರೋದು ಬೇರೆ.

ನಮ್ಮಜ್ಜಿಯ ಅವ್ವ ಒಂದು ಬಂಗಲೆಯಲ್ಲಿ ಆಯಾ ಆಗಿದ್ದಳು. ದೊರೆಯ ಮಗುವನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಸಂಜೆ ಪಾರ್ಕಿಗೆ ತಳ್ಳಿಕೊಂಡು ಬರೋಳಂತೆ. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಬ್ಯಾಂಡು ಬಾರಿಸೋರಂತೆ. ಮಗು ಬೆಂಚಿನ ಮೇಲೆ, ಆಯಾ ಬೆಂಚಿನ ಪಕ್ಕ ನಿಂತು. ವರ್ಷಗಟ್ಟಲೆ ಬಂದರೂ ಒಂದು ದಿನ ಆ ಹುಲ್ಲಿನ ಮೇಲೆ ಕುಂಡಿ ಊರಲಿಲ್ಲ ಅಂತ ಅಜ್ಜಿ ನಗ್ತಾ ಹೇಳೋಳು. ತನ್ನ ಸ್ವಂತ ಮಗುವನ್ನು, ಅಂದರೆ ನಮ್ಮಜ್ಜಿಯನ್ನು, ಒಂದು ದಿನವೂ ಅಲ್ಲಿಗೆ ಕರೆತರಲಿಲ್ಲ. ಬೋರ್ಡು ಹಾಕಿ ತಡೆದಿದ್ದರು ಅಂತ ಅಜ್ಜಿ ಯಾವತ್ತೂ ಹೇಳಲಿಲ್ಲ. "ನಮಗಲ್ಲ ಅದು ಅಂತ ಗೊತ್ತಿತ್ತು," ಅಷ್ಟೇ. ಇದು ನಮ್ಮ ಮನೆ ಮಾತು, ಯಾವ ಗೆಜೆಟಿಯರಿನಲ್ಲೂ ಸಿಗಲ್ಲ. ಆದರೆ ಆ "ಗೊತ್ತಿತ್ತು" ಅನ್ನೋದಿದೆಯಲ್ಲ, ಜಾತಿ ಅರ್ಧ ಕೆಲಸ ಮಾಡೋದು ಅದರಿಂದಲೇ. ಗೇಟಿಗೆ ಬೀಗ ಬೇಕಾಗಲ್ಲ.

2024ರ ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಬಾಬಾಸಾಹೇಬರ ಬದುಕಿನ ಮೇಲೆ ಮಾಡಿದ್ದರು, ನೆನಪಿರಬೇಕು. ಗಾಜಿನ ಮನೆಯಲ್ಲಿ ಹೂವಿನ ಸಂಸತ್ ಭವನ. ನಾವೂ ಕ್ಯೂನಲ್ಲಿ ನಿಂತು ನೋಡಿದ್ವಿ, ಅವ್ವನಿಗೆ ಕಣ್ಣು ತುಂಬಿ ಬಂತು. ನನಗೆ ಮಾತ್ರ ಆ ಜನಜಂಗುಳಿಯಲ್ಲಿ ಇನ್ನೊಂದು ತೋಟ ನೆನಪಾಗ್ತಿತ್ತು. ಬರೋಡಾದ ಕಮಾಠಿ ಬಾಗ್.

ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಆದರೂ ಹೇಳ್ತೀನಿ. 1917. ಕೊಲಂಬಿಯಾದಲ್ಲಿ ಓದಿ, ಲಂಡನ್‌ನಲ್ಲಿ ಓದು ಅರ್ಧಕ್ಕೆ ನಿಲ್ಲಿಸಿ, ಸ್ಕಾಲರ್‌ಶಿಪ್ಪಿನ ಕರಾರಿನಂತೆ ಬರೋಡಾ ಮಹಾರಾಜರ ಕೆಲಸಕ್ಕೆ ಬಂದರು ಬಾಬಾಸಾಹೇಬರು. ಇರೋಕೆ ಮನೆ ಸಿಗಲಿಲ್ಲ. ಹಿಂದೂ ಹೋಟೆಲಿನಲ್ಲಿ ಜಾಗ ಇಲ್ಲ. ಪಾರ್ಸಿಗಳ ಒಂದು ತಂಗುಮನೆಯಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಕೆಲವು ದಿನ ಇದ್ದರು. ಗುಟ್ಟು ರಟ್ಟಾಯ್ತು. ಒಂದು ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅಂತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರೂ ಒಂದೊಂದು ನೆಪ ಹೇಳಿದರು. ಬೊಂಬಾಯಿ ರೈಲು ರಾತ್ರಿಗೆ. ಅಲ್ಲಿವರೆಗೂ ಎಲ್ಲಿ ಹೋಗಬೇಕು? ಪಬ್ಲಿಕ್ ಗಾರ್ಡನ್ನಿಗೆ ಹೋಗಿ ಕೂತರು. ಇಡೀ ಬರೋಡಾ ಊರಿನಲ್ಲಿ, ಆ ಓದಿದ ಮನುಷ್ಯನಿಗೆ, ನೀನು ಯಾರು ಅಂತ ಕೇಳದೆ ಕೂರಲು ಬಿಟ್ಟ ಜಾಗ ಅದೊಂದೇ, ಮಹಾರಾಜ ಸಯಾಜಿರಾವ್ ಕಟ್ಟಿಸಿದ ತೋಟ. "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಇದನ್ನು ಅವರೇ ಬರೆದಿದ್ದಾರೆ, ಓದದಿದ್ದವರು ಓದಿ, ಸಣ್ಣ ಪುಸ್ತಕ. ಆ ತೋಟದಲ್ಲಿ ಅವರು ಕೂತ ಜಾಗವನ್ನು ಈಗ ಸಂಕಲ್ಪ ಭೂಮಿ ಅಂತ ಕರೀತಾರೆ, ನಮ್ಮವರು ಹೋಗಿ ಕೈಮುಗಿದು ಬರ್ತಾರೆ.

ನಾವು ಅಲ್ಲಿನ ಸಂಕಲ್ಪದ ಬಗ್ಗೆ ಬಹಳ ಭಾಷಣ ಮಾಡಿದ್ದೀವಿ. ಆ ತೋಟದ ಬೆಂಚಿನ ಬಗ್ಗೆ ಕಡಿಮೆ ಯೋಚಿಸಿದ್ದೀವಿ ಅಂತ ನನಗನ್ನಿಸುತ್ತೆ. ತೋಟಕ್ಕೆ ಹೊಸ್ತಿಲಿಲ್ಲ. ಮನೆಗೆ ಹೊಸ್ತಿಲಿದೆ, ದೇವಸ್ಥಾನಕ್ಕೆ ಇದೆ. ಹೋಟೆಲಿಗೆ ಬೇರೆ ಲೋಟ ಇತ್ತು, ಬಾವಿಗೆ ಬೇರೆ ಹಗ್ಗ. ಮರದ ನೆರಳಿಗೆ ಮಡಿ ಮೈಲಿಗೆ ಹಚ್ಚೋದು ಸ್ವಲ್ಪ ಕಷ್ಟ. ಪ್ರಯತ್ನ ಮಾಡಲಿಲ್ಲ ಅಂತಲ್ಲ. ಬಿಳಿಯರು ಮಾಡಿ ತೋರಿಸಿದರು: ದಕ್ಷಿಣ ಆಫ್ರಿಕಾದಲ್ಲಿ 1953ರಲ್ಲಿ ಕಾನೂನೇ ತಂದು ಪಾರ್ಕು, ಸಮುದ್ರತೀರ, ಬೆಂಚು ಎಲ್ಲ ಬಣ್ಣದ ಪ್ರಕಾರ ಹಂಚಿದರು.

ಇಲ್ಲಿ ಅದಕ್ಕೆ ಮೂರು ವರ್ಷ ಮುಂಚೆಯೇ ಉಲ್ಟಾ ಕಾನೂನು ಬಂದಿತ್ತು. ಸುಮ್ಮನೆ ಬರಲಿಲ್ಲ. 1923ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ನಿರ್ಣಯ ತಂದರು, ಸರ್ಕಾರಿ ದುಡ್ಡಿನಲ್ಲಿ ನಡೆಯುವ ಕೆರೆ ಬಾವಿ ಛತ್ರ ಎಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಮಹಾಡ್ ಮುನಿಸಿಪಾಲಿಟಿ 1924ರಲ್ಲಿ ಒಪ್ಪಿಕೊಂಡು ಚೌದಾರ್ ಕೆರೆ ಎಲ್ಲರಿಗೂ ಅಂತ ಬರೆದುಕೊಂಡಿತು. ಕಾಗದದಲ್ಲಿ. ನೀರು ಮುಟ್ಟೋಕೆ ಯಾರಿಗೂ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಏಟು ಬಿತ್ತು, ಸವರ್ಣೀಯರು ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿಕೊಂಡರು, ಮುನಿಸಿಪಾಲಿಟಿ ತನ್ನ ನಿರ್ಣಯ ವಾಪಸ್ ತಗೊಂಡಿತು, ಕೇಸು ಹತ್ತು ವರ್ಷ ನಡೆದು 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಪರ ಆಯ್ತು. ಅದೇ 1927ರಲ್ಲೇ ಇಲ್ಲಿ ಕಬ್ಬನ್ ಪಾರ್ಕಿಗೆ ಹೆಸರು ಬದಲಾದದ್ದು. ಬೆಂಗಳೂರಿನ ಚರಿತ್ರೆ ಬರೆಯೋರು 1927 ಅಂದಾಗ ಬೆಳ್ಳಿಹಬ್ಬವನ್ನು ಬರೀತಾರೆ. ನಾವು ಮಹಾಡ್ ಬರೀತೀವಿ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಿದರೆ ಚೆನ್ನ.

ಆಮೇಲೆ 1948ರ ನವೆಂಬರ್ 29. ಸಂವಿಧಾನ ಸಭೆ. ಅಸ್ಪೃಶ್ಯತೆ ನಿಷೇಧದ ಕಲಮು, ಈಗಿನ 17, ಅಂಗೀಕಾರವಾದದ್ದು ಅವತ್ತೇ ಅಂತ ನಮಗೆಲ್ಲ ಗೊತ್ತು. ಅದೇ ದಿನ ಈಗಿನ 15ನೇ ಕಲಮಿನ ಚರ್ಚೆಯೂ ನಡೀತು. 15ರ ಮೊದಲ ಭಾಗ ಸರ್ಕಾರಕ್ಕೆ ಹೇಳುತ್ತೆ, ಭೇದ ಮಾಡಬೇಡ ಅಂತ. ಎರಡನೇ ಭಾಗ ಅಲ್ಲಿಗೆ ನಿಲ್ಲಲ್ಲ, ಪಕ್ಕದ ಮನೆಯವನಿಗೂ ಅನ್ವಯಿಸುತ್ತೆ. ಅಂಗಡಿ, ಹೋಟೆಲು, ಮನರಂಜನೆಯ ಜಾಗ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಮತ್ತೆ ಸರ್ಕಾರದ ಹಣದಲ್ಲಿ ಪೂರ್ತಿಯಾಗೋ ಭಾಗಶಃವೋ ನಡೆಯುವ, ಇಲ್ಲವೇ ಸಾರ್ವಜನಿಕರಿಗೆಂದೇ ಮೀಸಲಿಟ್ಟ, ಜನ ಸೇರುವ ಜಾಗಗಳು. ಇವುಗಳಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾವ ಪ್ರಜೆಯನ್ನೂ ತಡೆಯುವಂತಿಲ್ಲ, ಷರತ್ತು ಹಾಕುವಂತಿಲ್ಲ. "ಜನ ಸೇರುವ ಜಾಗ" ಅಂದ್ರೆ ಸ್ಮಶಾನವೂ ಸೇರುತ್ತಾ ಅಂತ ಸಭೆಯಲ್ಲಿ ಪ್ರಶ್ನೆ ಬಂತು. ಸತ್ತ ಮೇಲೆ ತನಗೇನಾಯ್ತು ಅಂತ ಯಾರು ತಲೆಕೆಡಿಸಿಕೊಳ್ತಾರೆ ಅಂತ ಸ್ವಲ್ಪ ತಮಾಷೆ ಮಾಡಿಯೇ, ಬಾಬಾಸಾಹೇಬರು ಉತ್ತರ ಕೊಟ್ಟರು: ಸಾರ್ವಜನಿಕ ಹಣದಲ್ಲಿ ನಡೆಯುವುದಾದರೆ ಖಂಡಿತ ಸೇರುತ್ತೆ. ಸ್ಮಶಾನಕ್ಕಾಗಿ ಇವತ್ತಿಗೂ ಅರ್ಜಿ ಹಿಡಿದು ತಾಲೂಕು ಕಚೇರಿ ಸುತ್ತೋರು ನಾವು, ನಮಗೆ ಆ ಪ್ರಶ್ನೆಯ ಬೆಲೆ ಗೊತ್ತು. ಸ್ಮಶಾನ ಸೇರಿದ ಮೇಲೆ ಪಾರ್ಕು ಸೇರದೆ ಇರುತ್ತಾ? ಬೆಂಚು, ಹುಲ್ಲು, ನಲ್ಲಿ ನೀರು, ಎಲ್ಲ ಸೇರಿತು.

ಬರೋಡಾದ ತೋಟದಿಂದ ಈ ಕಲಮಿನವರೆಗೆ 31 ವರ್ಷ. ಆ ಬೆಂಚಿನಿಂದಲೇ ಇದು ಹುಟ್ಟಿತು ಅಂತ ನಾನು ಹೇಳಲ್ಲ, ಹಾಗೆ ಸರಳ ಮಾಡೋದು ನಮ್ಮ ಭಾಷಣಕಾರರ ಚಟ. ಆದರೆ ಜನ ಸೇರುವ ಜಾಗ ಅಂದ್ರೆ ಏನು ಅಂತ ಆ ಮನುಷ್ಯನಿಗೆ ಪುಸ್ತಕ ನೋಡಿ ತಿಳಿಯಬೇಕಿರಲಿಲ್ಲ.

ನಮ್ಮ ಗೆಳೆಯರಿಗೆ ನನ್ನ ಉತ್ತರ ಇಷ್ಟು: 1870ರಲ್ಲಿ ಆದದ್ದು ತೋಟ. ನಮ್ಮ ಪಾಲಿಗೆ ಅದು ಸಾರ್ವಜನಿಕ ಆದದ್ದು 1950ರ ಜನವರಿ 26ಕ್ಕೆ. ಅದರ ನಡುವಿನ 80 ವರ್ಷ ನಮ್ಮಜ್ಜಿಯ ಅವ್ವ ಬೆಂಚಿನ ಪಕ್ಕ ನಿಂತಿದ್ದಳು.

ಕಾನೂನು ಬಂದ ತಕ್ಷಣ ನಾವು ಹೋಗಿ ಕೂತ್ವಾ? ಇಲ್ಲ. ಕೂರೋಕೆ ಹಕ್ಕು ಮಾತ್ರ ಸಾಲದು, ಭಾನುವಾರವೂ ಬೇಕು. ನಮ್ಮವ್ವ ಗುತ್ತಿಗೆಯಲ್ಲಿ ಬೀದಿ ಗುಡಿಸಿದವಳು. ಒಂದು ಬಡಾವಣೆಯ ಪಾರ್ಕಿನ ಸುತ್ತಲ ರಸ್ತೆ ಅವಳ ಪಾಲಿಗೆ. ಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮುಗಿಸಿ ಕೂರೋಣ ಅಂದ್ರೆ ಪಾರ್ಕಿನ ಗೇಟಿಗೆ ಬೀಗ. ಬೆಂಗಳೂರಿನ ಎಷ್ಟೋ ಬಡಾವಣೆ ಪಾರ್ಕುಗಳು ವರ್ಷಗಟ್ಟಲೆ ನಡೆದದ್ದು ಹೀಗೇ: ಬೆಳಿಗ್ಗೆ ವಾಕಿಂಗ್ ಮಾಡೋರಿಗೆ ತೆರೆ, ಸಂಜೆ ವಾಕಿಂಗ್ ಮಾಡೋರಿಗೆ ತೆರೆ, ನಡುವೆ ಮುಚ್ಚು. ನಡುವೆ ಬರೋರು ಯಾರು? ಡೆಲಿವರಿ ಹುಡುಗರು, ಮನೆಗೆಲಸದ ಹೆಂಗಸರು, ಪೌರಕಾರ್ಮಿಕರು. ಒಳಗೆ ಬಂದು ಡಬ್ಬಿ ಬಿಚ್ಚಿ, ಸ್ವಲ್ಪ ಕಾಲು ಚಾಚಿ ಮಲಗೋರು. ಅವ್ವ ಫುಟ್‌ಪಾತಿನಲ್ಲಿ, ಕಾಂಪೌಂಡಿನಿಂದ ಹೊರಚಾಚಿದ ಕೊಂಬೆಯ ನೆರಳಲ್ಲಿ ಉಣ್ಣುತ್ತಿದ್ದಳು. ಮರ ಒಳಗೆ, ನೆರಳು ಹೊರಗೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಖಾಯಂ ಮಾಡಿ ಅಂತ ಕೂತರಲ್ಲ, ಆಗ ಅವರಿಗೆ ದಿನಗಟ್ಟಲೆ ಕೂರಲು ಸಿಕ್ಕ ಪಾರ್ಕು ಅಂದ್ರೆ ಫ್ರೀಡಂ ಪಾರ್ಕು. ನಮ್ಮ ಜನಕ್ಕೆ ಪಾರ್ಕು ಅಂದ ತಕ್ಷಣ ನೆನಪಾಗೋದೂ ಅದೇ. ಹಳೇ ಸೆಂಟ್ರಲ್ ಜೈಲು!

ಈಗ ದೊಡ್ಡ ತೋಟಗಳಲ್ಲೂ ನಿಯಮದ ಮಾತು ಜಾಸ್ತಿಯಾಗ್ತಿದೆ. ಊಟ ತರಬೇಡಿ, ಗುಂಪು ಕೂರಬೇಡಿ. ಕಸ ಹಾಕಬಾರದು, ನಿಜ. ಕಸ ಗುಡಿಸೋರ ಮಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊಟ ಬೇಡ ಅಂದರೆ ಯಾರು ಬರೋದು ನಿಲ್ಲುತ್ತೆ ಯೋಚಿಸಿ. ಎಂ.ಜಿ. ರಸ್ತೆಯ ಹೋಟೆಲಿನಲ್ಲಿ ಹದಿಮೂರು ಜನಕ್ಕೆ ಊಟ ಕೊಡಿಸುವ ಶಕ್ತಿ ಇರೋರಿಗೆ ಏನೂ ಆಗಲ್ಲ, ಅವರು ನಡೆದಾಡಿ, ಹೋಗಿ ತಿಂದು ಬರ್ತಾರೆ. ಡಬ್ಬಿ ಹೊತ್ತು ತರೋರು ಮನೆಯಲ್ಲೇ ಉಳೀತಾರೆ. ಜಾತಿಯ ಹೆಸರೆತ್ತದೆ ಜಾತಿಯ ಕೆಲಸ ನಡೆಯುತ್ತೆ. ಕಬ್ಬನ್ ಪಾರ್ಕನ್ನೂ ಲಾಲ್‌ಬಾಗನ್ನೂ ಕಾಪಾಡೋಕೆ 1975ರ ಪಾರ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1998ರಲ್ಲಿ ಪಾರ್ಕಿನ ಜಾಗ ಕಡಿಮೆ ಮಾಡಲು ಹೊರಟಾಗ ಊರಿನವರು ಬೀದಿಗಿಳಿದು ಜಗಳ ಆಡಿದರು. ಅವರಿಗೆ ವಂದನೆ. ಮರ ಉಳಿಸಿದವರು ಮರದಡಿ ಕೂರೋರನ್ನೂ ಸ್ವಲ್ಪ ನೋಡಲಿ.

ಹೋದ ಭಾನುವಾರದ್ದು ಕೇಳಿದಿರಿ ಅಂತ ಹೇಳ್ತೀನಿ. ಚಿಕ್ಕಪ್ಪನವರು ಕೆ.ಆರ್. ಪುರದಿಂದ ಮೆಟ್ರೋ ಹತ್ತಿದರು, ನಾವು ಹಲಸೂರಿನಲ್ಲಿ ಅದೇ ರೈಲು ಹಿಡಿದ್ವಿ. ಮೊದಲು ಕಬ್ಬನ್ ಪಾರ್ಕ್ ದಾಟಿ ಮುಂದಿನ ಸ್ಟೇಷನ್ನಿಗೆ ಹೋದ್ವಿ, ಆ ಸ್ಟೇಷನ್ನಿಗೆ ಬಾಬಾಸಾಹೇಬರ ಹೆಸರಿದೆ. ವಿಧಾನಸೌಧದ ಮುಂದಿನ ಪ್ರತಿಮೆಗೆ ಕೈಮುಗಿದು, ರಸ್ತೆ ದಾಟಿ, ಹೈಕೋರ್ಟು ಬಳಸಿ ತೋಟದೊಳಕ್ಕೆ. ಮಕ್ಕಳು ಬಾಲಭವನದ ರೈಲಿಗೆ ಹಟ ಹಿಡಿದವು. ಬಿದಿರು ಮೆಳೆ ಹತ್ತಿರ ಎರಡು ಚಾಪೆ ಹಾಸಿದ್ವಿ. ಚಿತ್ರಾನ್ನ, ಬೇಯಿಸಿದ ಮೊಟ್ಟೆ, ಚಿಕ್ಕಮ್ಮ ಮಾಡಿದ ಕೋಳಿ ಹುರಿದದ್ದು. ಪಕ್ಕದ ಚಾಪೆಯ ಹಿರಿಯರೊಬ್ಬರು ವಾಸನೆಗೋ ಏನೋ ಮುಖ ಆಚೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಮೊಮ್ಮಗ ನಮ್ಮ ಹುಡುಗರ ಜೊತೆ ಬಾಲ್ ಆಡ್ತಿದ್ದ. ಹಿರಿಯರು ಮಾತಿಗಿಳಿದರು: "ಯಾವೂರಾಯ್ತು ನಿಮ್ದು?" ಚಿಕ್ಕಪ್ಪ, "ಇದೇ ಊರು ಸ್ವಾಮಿ, ದಂಡು," ಅಂದರು. ಮುಂದಿನ ಪ್ರಶ್ನೆ ಏನು ಅಂತ ನಮಗೆಲ್ಲ ಗೊತ್ತಿತ್ತು. ಅವರು ಅದನ್ನು ಕೇಳಲಿಲ್ಲ. ಕಡ್ಲೆಕಾಯಿ ಪೊಟ್ಟಣ ಮುಂದೆ ಚಾಚಿದರು, ಚಿಕ್ಕಪ್ಪ ಒಂದು ಹಿಡಿ ತಗೊಂಡರು.

ಅವ್ವ ಊಟ ಆದ ಮೇಲೆ ಮಲಗಿಬಿಟ್ಟಳು. ಚಪ್ಪಲಿ ತಲೆದಿಂಬಿಗೆ, ಸೆರಗು ಮುಖಕ್ಕೆ. ಎರಡು ಗಂಟೆ. ಎಬ್ಬಿಸೋಕೆ ಮನಸ್ಸಾಗಲಿಲ್ಲ. ನಾನು ಹಾಕಿದ್ದ ಫೋಟೋ ಅದೇ.

ಒಂದು ಕೆಲಸ ಆಗಬೇಕು, ನಿಮ್ಮೆಲ್ಲರಿಂದ. ಹಲಸೂರು, ಮರ್ಫಿ ಟೌನ್, ಶಿವಾಜಿನಗರ, ಕೆ.ಆರ್. ಪುರ ಕಡೆಯ ನಮ್ಮ ಮನೆಗಳಲ್ಲಿ ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ತೆಗೆಸಿದ ಹಳೇ ಫೋಟೋ ಇದ್ದೇ ಇರುತ್ತೆ. ಮದುವೆಯಾದ ಹೊಸದರಲ್ಲಿ ಹೂಗಿಡದ ಮುಂದೆ ನಿಂತದ್ದು, ಮಗುವನ್ನು ಕಲ್ಲಿನ ಮೇಲೆ ಕೂರಿಸಿದ್ದು. ಟ್ರಂಕಿನಿಂದ ತೆಗೆಯಿರಿ. ಹಿಂದೆ ಪೆನ್ಸಿಲಿನಲ್ಲಿ ಯಾರು, ಯಾವ ವರ್ಷ, ಆಗ ಏನು ಕೆಲಸ ಮಾಡ್ತಿದ್ದರು ಅಂತ ಬರೀರಿ. ಪೆನ್ನು ಬೇಡ, ಶಾಯಿ ಮುಂದಿನಿಂದ ಕಾಣುತ್ತೆ. ಮನೆಯಲ್ಲಿ ಮಾಲಿ, ಆಯಾ, ಬಟ್ಲರ್ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದರೆ ಈ ವಾರವೇ ಹೋಗಿ ಪಕ್ಕ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನನಗೆ ಕಳಿಸಿದರೆ ಜೋಪಾನವಾಗಿ ಇಡ್ತೀನಿ.